ಮಗಳಿಗೊಂದು ಪತ್ರ: ಮೊದಲು ನೆಲದಡಿಯ ಖರ್ಚು

ವಿರಾಜಪೇಟೆ

ಪ್ರೀತಿಯ ಪುಟ್ಟಿ,

ಮಡಿಕೇರಿಯಲ್ಲಿ ನೀನು ತೆರೆಯಲಿರುವ ಹಲ್ಲಿನ ಕ್ಲಿನಿಕ್ಕಿನ ನಕ್ಷೆ, ಡೀಲರ್ ಕೊಟ್ಟ ಕೊಟೇಶನ್ ಎರಡನ್ನೂ ನೋಡಿದೆ. ಮಳಿಗೆ ನೆಲಮಹಡಿಯಲ್ಲಿ ಸಿಕ್ಕಿದ್ದು ಒಳ್ಳೆಯದಾಯಿತು. ಮಂಡಿನೋವಿನ ಅಜ್ಜಿಯರು ಮೆಟ್ಟಿಲು ಹತ್ತಬೇಕಿಲ್ಲ, ನಮಗೂ ನೆಲ ಅಗೆದು ಪೈಪು ಹಾಕಲು ಜಾಗವಿದೆ. ಆದರೆ ನಿನ್ನ ಪಟ್ಟಿಯಲ್ಲಿ ಎರಡು ಕುರ್ಚಿ, ಮುಂಭಾಗಕ್ಕೆ ಗಾಜು, ಫಾಲ್ಸ್ ಸೀಲಿಂಗ್ ಎಲ್ಲಾ ಇವೆ. ಡ್ರೈನ್, ಅರ್ಥಿಂಗ್, ಏರ್ ಡ್ರೈಯರ್ ಒಂದೂ ಇಲ್ಲ. ಮಡಿಕೇರಿಯ ಮಳೆಯಲ್ಲಿ ಕ್ಲಿನಿಕ್ ನಿಲ್ಲುವುದು ಕಣ್ಣಿಗೆ ಕಾಣದ ಈ ಸಾಮಾನುಗಳ ಮೇಲೆಯೇ. ಕುರ್ಚಿ ನಾಳೆ ಬದಲಿಸಬಹುದು, ಟೈಲ್ಸ್ ಕೂರಿಸಿದ ಮೇಲೆ ಡ್ರೈನ್ ಬದಲಿಸಲಾಗದು.

16 ಅಡಿ ಅಗಲ, 36 ಅಡಿ ಉದ್ದದ ಜಾಗವನ್ನು ಹೀಗೆ ಹಂಚು. ಪಕ್ಕದ ಅಂಗಡಿಗೆ ತಾಗಿದ ಗೋಡೆಯ ಉದ್ದಕ್ಕೂ 4 ಅಡಿಯ ಓಣಿ ಬಿಡು. ಕಿಟಕಿ ಇರುವ ಕಡೆ ಕೋಣೆಗಳು ಬರಲಿ. ಗೋಡೆಯೂ ಸೇರಿ ಮುಂದೆ ಒಂಬತ್ತೂವರೆ ಅಡಿ ಕಾಯುವ ಜಾಗ, ಆಮೇಲೆ ಹತ್ತು ಹತ್ತು ಅಡಿಯ ಎರಡು ಚಿಕಿತ್ಸಾ ಕೋಣೆ, ಹಿಂದಿನ ಆರೂವರೆ ಅಡಿಯಲ್ಲಿ ಉಪಕರಣಗಳನ್ನು ಕ್ರಿಮಿಮುಕ್ತ ಮಾಡುವ ಸ್ಟೆರಿಲೈಸೇಶನ್ ಕೋಣೆ ಮತ್ತು ಶೌಚಾಲಯ. ಗೋಡೆ ಕಳೆದರೆ ಕೋಣೆಯ ಒಳಗೆ ಸುಮಾರು ಒಂಬತ್ತೂಕಾಲು ಅಡಿ ಉಳಿಯುತ್ತದೆ. ಕುರ್ಚಿಗೆ 2 ಅಡಿ, ನೀನು ಕೂರುವ ಬಲಗಡೆ 3 ಅಡಿ, ಅಸಿಸ್ಟೆಂಟ್ ಕಡೆ ಎರಡೂವರೆ ಅಡಿ ಹೋದರೆ ಮಿಕ್ಕದ್ದು 21 ಇಂಚು. 20 ಇಂಚಿನ ಕೌಂಟರಿಗೆ ಸರಿಯಾಗುತ್ತದೆ, ಅದಕ್ಕಿಂತ ದೊಡ್ಡದು ಬೇಡ. ಕುರ್ಚಿ ಪೂರ್ತಿ ಒರಗಿದಾಗ ತಲೆಯ ಹಿಂದೆ 2 ಅಡಿಯಾದರೂ ಇರಲೇಬೇಕು. ನಿನ್ನ ನಕ್ಷೆಯಲ್ಲಿ ಒಂದೇ ಅಡಿ ಇದೆ. ಹನ್ನೆರಡು ಗಂಟೆಯ ಸ್ಥಾನದಲ್ಲಿ, ಅಂದರೆ ರೋಗಿಯ ತಲೆಯ ನೇರ ಹಿಂದೆ ಕೂತು ಮೇಲಿನ ದವಡೆಯ ಕೆಲಸ ಮಾಡಲಾಗದಿದ್ದರೆ ಬೆನ್ನು ತಿರುಚಿಕೊಂಡೇ ದಿನ ಕಳೆಯಬೇಕಾಗುತ್ತದೆ. ರೋಗಿಯ ಕಾಲು ಕಿಟಕಿಯ ಕಡೆಗಿರಲಿ. ಬಾಗಿಲು ಕುರ್ಚಿಯ ಎಡಗಡೆ ತೆರೆಯಲಿ, ಅದೂ ಸ್ಲೈಡಿಂಗ್ ಆಗಲಿ. ಒಳಕ್ಕೆ ತೆರೆಯುವ ಬಾಗಿಲು ಅಸಿಸ್ಟೆಂಟಿನ ಸ್ಟೂಲಿಗೆ ಬಡಿಯುತ್ತದೆ. ಗೋಡೆಗೆ ಆ ತಿಳಿ ಹಸಿರು ಬಣ್ಣ ಬೇಡ, ಹಲ್ಲಿನ ಶೇಡ್ ನೋಡುವಾಗ ಕಣ್ಣಿಗೆ ಮೋಸವಾಗುತ್ತದೆ. ತಿಳಿ ಬೂದು ಸಾಕು.

ಎರಡು ಕೋಣೆಗಳ ನಡುವೆಯೂ ಕಾಯುವ ಜಾಗದ ಕಡೆಗೂ ಜಿಪ್ಸಂ ಬೋರ್ಡ್ ತೋರಿಸಿದ್ದೀಯಲ್ಲ, ಅದನ್ನು ಹೊಡೆದುಹಾಕು. ಬೈಟ್‌ವಿಂಗ್, ಅಂದರೆ ಪಕ್ಕದ ಹಲ್ಲುಗಳ ಚಿತ್ರ ತೆಗೆಯುವಾಗ ಎಕ್ಸ್-ರೇ ಕಿರಣ ಕುರ್ಚಿಯ ಎಡಕ್ಕೋ ಬಲಕ್ಕೋ ಹೋಗುತ್ತದೆ, ಆ ಎರಡು ಗೋಡೆಗಳ ಆಚೆ ಇರುವುದೇ ಜನ. 9 ಇಂಚಿನ ಇಟ್ಟಿಗೆ ಗೋಡೆ ಕಟ್ಟಿಸು. ನೀನು ಓಣಿಯ ಗೋಡೆಯ ಮರೆಯಲ್ಲಿ, ರೋಗಿಯ ತಲೆಯಿಂದ 2 ಮೀಟರ್ ದೂರ ನಿಂತು ಗುಂಡಿ ಒತ್ತುವ ಹಾಗಿರಬೇಕು. ಕೈಯಲ್ಲಿ ಹಿಡಿಯುವ ಯಂತ್ರಕ್ಕಿಂತ ಗೋಡೆಗೆ ಕೂರಿಸುವ ಯಂತ್ರವೇ ಮೇಲು. ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ಎಇಆರ್‌ಬಿಯ ಟೈಪ್ ಅಪ್ರೂವಲ್ ಇರುವ ಮಾಡೆಲನ್ನೇ ಕೇಳಿ ತೆಗೆದುಕೊ. ಅವರ ಆನ್‌ಲೈನ್ ತಾಣ ಇ-ಲೋರಾದಲ್ಲಿ ಪರವಾನಗಿ ಕೈಗೆ ಬರುವ ತನಕ ರೋಗಿಯ ಮೇಲೆ ಬಳಸಬೇಡ. ಇಡೀ ದವಡೆಯ ಎಕ್ಸ್-ರೇ ತೆಗೆಯುವ ಒಪಿಜಿ ಈಗ ಬೇಡವೇ ಬೇಡ. ಬೇಕಾದವರನ್ನು ಇಲ್ಲಿನ ದಂತ ಕಾಲೇಜಿಗೆ ಕಳಿಸಿದರಾಯಿತು.

ಈಗ ನೆಲ. ಟೈಲ್ಸಿನವನನ್ನು ಕರೆಯುವ ಮೊದಲೇ ಕುರ್ಚಿಯ ಮಾಡೆಲ್ ಗಟ್ಟಿ ಮಾಡಿಕೊ, ಏಕೆಂದರೆ ಪೈಪು, ವೈರು ಬಂದು ಸೇರುವ ಜಂಕ್ಷನ್ ಬಾಕ್ಸ್ ಕೂರುವ ಜಾಗ ಒಂದೊಂದು ಕಂಪನಿಯಲ್ಲಿ ಒಂದೊಂದು ಕಡೆ. ಅವರ ಟೆಂಪ್ಲೇಟ್ ತರಿಸಿ ನೆಲದ ಮೇಲೆ ಹಾಸಿ ಗುರುತು ಹಾಕಿಸು. ಬಾಕ್ಸಿಗೆ ಬರುವುದು ನಾಲ್ಕು: ಅರ್ಧ ಇಂಚಿನ ಸಿಪಿವಿಸಿ ನೀರಿನ ಪೈಪು (ಅದಕ್ಕೆ ಬೇರೆಯೇ ಒಂದು ವಾಲ್ವ್), ಗಾಳಿಯ ಕೊಳವೆ, ಒಂದೂವರೆ ಇಂಚಿನ ಡ್ರೈನ್, 2.5 ಚದರ ಮಿ.ಮೀ. ವೈರು. ಬಾಯಿಯ ಎಂಜಲು ಹೀರುವ ಸಕ್ಷನ್ ಮೋಟರ್ ಹೊರಗಿಟ್ಟರೆ ಅದಕ್ಕೆ ಇನ್ನೊಂದು ಪೈಪು. ಎರಡನೇ ಕೋಣೆಗೂ ಇವೆಲ್ಲವನ್ನೂ ಈಗಲೇ ಎಳೆಸಿ ಮುಚ್ಚಳ ಹಾಕಿಸಿಡು, ಕುರ್ಚಿ ಮಾತ್ರ ಆಮೇಲೆ. ಡ್ರೈನಿಗೆ ಮೀಟರಿಗೆ 2 ಸೆಂ.ಮೀ. ಇಳಿಜಾರು ಬೇಕು. ಮುಂದಿನ ಕುರ್ಚಿಯಿಂದ ಹಿತ್ತಲಿನ ಚೇಂಬರ್‌ಗೆ ಆರೂವರೆ ಮೀಟರ್ ಎಂದರೆ 13 ಸೆಂ.ಮೀ. ಇಳಿಯಬೇಕು; ಶುರುವಿನ ಆಳವೂ ಸೇರಿ ಹಿಂದಿನ ತುದಿಯಲ್ಲಿ 8 ಇಂಚು ಕಾಲುವೆ ತೋಡಬೇಕಾಗುತ್ತದೆ. ಮೇಸ್ತ್ರಿಗಳು ಇಳಿಜಾರು ಕಡಿಮೆ ಮಾಡಿ ಕೆಲಸ ಮುಗಿಸಲು ನೋಡುತ್ತಾರೆ. ಆಗ ರಕ್ತ, ಎಂಜಲು, ಪ್ಲಾಸ್ಟರ್ ಪುಡಿ ಎಲ್ಲಾ ತಳದಲ್ಲಿ ಕೂತು ಗಬ್ಬು ವಾಸನೆ ಏಳುತ್ತದೆ. ಬಾಗುವ ಕಡೆ 90 ಡಿಗ್ರಿ ಎಲ್ಬೋ ಹಾಕಬಾರದು, 45ರದ್ದು ಎರಡು ಹಾಕಲಿ. ಕಾಂಕ್ರೀಟ್ ಹಾಕುವ ಮುಂಚೆ ಎಲ್ಲಾ ಪೈಪಿನ ಬಾಯಿ ಮುಚ್ಚಿಸು, ಇಲ್ಲದಿದ್ದರೆ ಸಿಮೆಂಟ್ ಮರಳು ಒಳಗೆ ಸೇರಿ ಕುರ್ಚಿಯ ಸೊಲೆನಾಯ್ಡ್ ವಾಲ್ವಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಮುಚ್ಚುವ ಮೊದಲು ಅಳತೆ ಟೇಪನ್ನು ಪಕ್ಕದಲ್ಲಿಟ್ಟು ಫೋಟೋ ತೆಗೆ.

ಕಂಪ್ರೆಸರ್ ಆಯಿಲ್ ಫ್ರೀ ಆಗಿರಲಿ, ಒಂದು ಕುರ್ಚಿಗೆ 1 ಎಚ್‌ಪಿ ಸಾಕು. ಅದನ್ನು ಹಿತ್ತಲಲ್ಲಿ ಮಾಡಿನ ಕೆಳಗೆ, ಒಂದಡಿ ಎತ್ತರದ ಕಟ್ಟೆಯ ಮೇಲೆ, ರಬ್ಬರ್ ಪ್ಯಾಡ್ ಹಾಕಿ ಕೂರಿಸು. ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯೇ ಒದ್ದೆ. ಅದನ್ನು ಟ್ಯಾಂಕಿನಲ್ಲಿ ಒತ್ತಿ ತುಂಬಿದರೆ ನೀರು ಬಿಡುತ್ತದೆ. ಆ ನೀರು ಗಾಳಿ, ನೀರು ಚಿಮ್ಮಿಸುವ ಥ್ರೀ-ವೇ ಸಿರಿಂಜಿನಿಂದ ಹಲ್ಲಿನ ಮೇಲೆ ಬಂದರೆ ಫಿಲ್ಲಿಂಗನ್ನು ಅಂಟಿಸುವ ಬಾಂಡಿಂಗ್ ಹಿಡಿಯುವುದಿಲ್ಲ, ಕಾಂಪೋಸಿಟ್ ಫಿಲ್ಲಿಂಗ್ ತಿಂಗಳೊಪ್ಪತ್ತಿನಲ್ಲಿ ಎದ್ದು ಬರುತ್ತದೆ, ನೀನು ಮೆಟೀರಿಯಲ್ ಮೇಲೆ ಅನುಮಾನ ಪಡುತ್ತೀಯೆ. ಹಲ್ಲು ಕೊರೆಯುವ ಹ್ಯಾಂಡ್‌ಪೀಸಿನ ಬೇರಿಂಗ್ ಕೂಡ ಅದರಿಂದಲೇ ಬೇಗ ಹೋಗುವುದು. ಹಾಗಾಗಿ ಡ್ರೈಯರ್ ಬೇಕು. ಗಾಳಿಯ ಪೈಪು ಕಂಪ್ರೆಸರ್ ಕಡೆಗೆ ತುಸು ಇಳಿಜಾರಾಗಿರಬೇಕು, ಸಂಜೆ ಬೀಗ ಹಾಕುವ ಮೊದಲು ಟ್ಯಾಂಕಿನ ನಲ್ಲಿ ಬಿಚ್ಚಿ ನೀರು ಖಾಲಿ ಮಾಡಬೇಕು. ಒದ್ದೆಗಾಳಿಯ ಕಾಟ ಇಷ್ಟಕ್ಕೇ ಮುಗಿಯುವುದಿಲ್ಲ. ಕ್ಯಾಬಿನೆಟ್ಟಿಗೆ ಎಂಡಿಎಫ್ ಹಾಕಿಸಿದರೆ ಒಂದೇ ಮಳೆಗಾಲದಲ್ಲಿ ಉಬ್ಬುತ್ತದೆ. ನೀರಿಗೆ ತಡೆಯುವ 710 ದರ್ಜೆಯ ಪ್ಲೈವುಡ್ ಹಾಕಿಸು, ಸಿಂಕಿನ ಕೆಳಗೆ ಪಿವಿಸಿ. ಹೊರಗೋಡೆಗೂ ಕ್ಯಾಬಿನೆಟ್ಟಿಗೂ 2 ಇಂಚು ಸಂದು ಬಿಡು. ಹಲ್ಲಿನ ಅಚ್ಚು ತೆಗೆಯುವ ಆಲ್ಜಿನೇಟ್, ಪ್ಲಾಸ್ಟರ್ ಎರಡಕ್ಕೂ ಗಾಳಿಯಾಡದ ಡಬ್ಬಿ. ಬಟ್ಟೆಯ ಏಪ್ರನ್ ಒಣಗುವ ಆಸೆ ಬಿಟ್ಟು ಡಿಸ್ಪೋಸಬಲ್ ತರಿಸು. ಬಾಗಿಲ ಹೊರಗೆ ಕೊಡೆ, ಮಳೆಕೋಟು, ಚಪ್ಪಲಿಗೆ ಜಾಗ ಮಾಡು. ನೆಲಕ್ಕೆ ಜಾರದ ಟೈಲ್ಸ್, ಬಾಗಿಲಿಗೆ 1:12ರ ರ‍್ಯಾಂಪ್.

ಸ್ಟೆರಿಲೈಸೇಶನ್ ಕೋಣೆಗೆ ಎಂಟಡಿಯ ಕೌಂಟರ್ ಬೇಕು, ಕೆಲಸ ಒಂದೇ ದಿಕ್ಕಿಗೆ ಸಾಗಬೇಕು: ಕೊಳಕು ಸಾಮಾನು ಬರುವ ಕಡೆ ಸಿಂಕ್, ಆಮೇಲೆ ಅಲ್ಟ್ರಾಸಾನಿಕ್ ತೊಳೆಯುವ ಯಂತ್ರ, ಒಣಗಿಸಿ ಪೌಚ್‌ಗೆ ಹಾಕುವ ಜಾಗ, ಹಬೆಯಿಂದ ಕ್ರಿಮಿ ಕೊಲ್ಲುವ ಆಟೋಕ್ಲೇವ್, ಕೊನೆಗೆ ಮುಚ್ಚಿದ ಕಪಾಟು. ತೊಳೆದದ್ದೂ ತೊಳೆಯದ್ದೂ ಎದುರುಬದುರಾಗಬಾರದು. ಡೀಲರ್ ಬರೆದಿರುವ ಕುಕ್ಕರ್ ಮಾದರಿಯ ಆಟೋಕ್ಲೇವನ್ನು ಪಟ್ಟಿಯಿಂದ ತೆಗೆ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 3,800 ಅಡಿ ಎತ್ತರದಲ್ಲಿದೆ, ಅಲ್ಲಿ ನೀರು 96 ಡಿಗ್ರಿಗೇ ಕುದಿಯುತ್ತದೆ. ಗೇಜಿನಲ್ಲಿ 15 ಪೌಂಡ್ ಒತ್ತಡ ತೋರಿಸಿದರೂ ಒಳಗಿನ ಹಬೆ ಕ್ರಿಮಿ ಸಾಯಲು ಬೇಕಾದ 121 ಡಿಗ್ರಿ ಮುಟ್ಟುವುದಿಲ್ಲ, 119ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಅಂಥದ್ದನ್ನೇ ಬಳಸುವುದಾದರೆ 17 ಪೌಂಡಿಗೆ ಏರಿಸಬೇಕು, ಅದಕ್ಕೆ ಯಂತ್ರ ತಾಳಬೇಕಲ್ಲ. ಉಷ್ಣತೆಯನ್ನು ತಾನೇ ಅಳೆಯುವ 22 ಲೀಟರಿನ ಕ್ಲಾಸ್ ಬಿ ಯಂತ್ರ ತೆಗೆದುಕೊ. ಹ್ಯಾಂಡ್‌ಪೀಸಿನ ಟೊಳ್ಳಿನಲ್ಲಿರುವ ಗಾಳಿಯನ್ನು ಹೀರಿ ತೆಗೆದು ಹಬೆ ನುಗ್ಗಿಸುವುದು ಅದರ ವ್ಯಾಕ್ಯೂಮ್. ಪ್ರತಿ ಲೋಡಿಗೂ ಇಂಡಿಕೇಟರ್ ಪಟ್ಟಿ, ವಾರಕ್ಕೊಮ್ಮೆ ಗಟ್ಟಿ ಕ್ರಿಮಿಗಳೂ ಸತ್ತಿವೆಯೇ ಎಂದು ನೋಡುವ ಸ್ಪೋರ್ ಟೆಸ್ಟ್ ತಪ್ಪಿಸಬೇಡ. ಡಿಸ್ಟಿಲ್ಡ್ ವಾಟರ್ ಬಿಟ್ಟು ಬೇರೆ ನೀರು ಹಾಕಬೇಡ. ಬೋರ್‌ವೆಲ್ ನೀರಿನ ಕಬ್ಬಿಣ ಚೇಂಬರ್ ಒಳಗೆ ಕಂದು ಕಲೆ ಕಟ್ಟುತ್ತದೆ.

ಕರೆಂಟಿನ ಲೆಕ್ಕ ಇದಕ್ಕೇ ತಳುಕು ಹಾಕಿಕೊಂಡಿದೆ. ಆಟೋಕ್ಲೇವ್ ಸುಮಾರು 2 ಕಿಲೋವ್ಯಾಟ್ ಎಳೆಯುತ್ತದೆ, ಅದಕ್ಕೆ 4 ಚದರ ಮಿ.ಮೀ. ವೈರಿನ ಪ್ರತ್ಯೇಕ ಲೈನ್. ಅದನ್ನು ಇನ್ವರ್ಟರ್‌ಗೆ ಹಾಕಬೇಡ. ನಡುವೆ ಕರೆಂಟು ಹೋದರೆ ಆ ಲೋಡ್ ಸ್ಟೆರೈಲ್ ಆಗಿಲ್ಲವೆಂದೇ ಲೆಕ್ಕ, ಮೊದಲಿಂದ ಓಡಿಸಬೇಕು. ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬಿದ್ದರೆ ವಿದ್ಯುತ್ ಕಂಪನಿ ಸೆಸ್ಕ್‌ನವರಿಗೂ ಬೇಗ ಸರಿಪಡಿಸಲಾಗದು. ಆದ್ದರಿಂದ ಕರೆಂಟು ಇದ್ದಾಗಲೇ ಎಲ್ಲಾ ಲೋಡ್ ಮುಗಿಸಿಕೊಳ್ಳುವಷ್ಟು ಸಾಮಾನು ಇರಬೇಕು: ಏರೋಟರ್ (ಗಾಳಿಯಿಂದ ತಿರುಗುವ ಹ್ಯಾಂಡ್‌ಪೀಸ್) 6, ಪರೀಕ್ಷೆಯ ಸೆಟ್ 20. ಬೇರೆ ಊರಿನವರು ನಾಲ್ಕು ಏರೋಟರ್ ಸಾಕೆನ್ನುತ್ತಾರೆ, ಅವರ ಊರಿಗೆ ಸರಿ. ಕುರ್ಚಿ, ಕಂಪ್ರೆಸರ್, ದೀಪಗಳಿಗೆ 3.5 ಕೆವಿಎ ಪ್ಯೂರ್ ಸೈನ್ ಇನ್ವರ್ಟರ್, 150 ಎಎಚ್‌ನ ನಾಲ್ಕು ಬ್ಯಾಟರಿ. ಓಡುವ ಕಂಪ್ರೆಸರ್‌ಗೆ 750 ವ್ಯಾಟ್ ಸಾಕಾದರೂ ಶುರುವಾಗುವ ಕ್ಷಣದಲ್ಲಿ ಹಲವು ಪಟ್ಟು ಎಳೆಯುತ್ತದೆ, ಸಣ್ಣ ಇನ್ವರ್ಟರ್ ಅಲ್ಲೇ ಟ್ರಿಪ್ ಆಗುತ್ತದೆ. ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲಿಗೆ ಮೇನ್ ಬೋರ್ಡಿನಲ್ಲಿ ಸರ್ಜ್ ಪ್ರೊಟೆಕ್ಟರ್ ಇರಲಿ, ಕ್ಲಿನಿಕ್ಕಿಗೇ ಒಂದು ಅರ್ಥಿಂಗ್ ಗುಂಡಿ ತೋಡಿಸು, ಅಳೆದಾಗ 5 ಓಮ್‌ಗಿಂತ ಕಡಿಮೆ ಬರಬೇಕು. ಅಳೆಯದೆ ಸರಿ ಇದೆ ಎನ್ನುವ ಎಲೆಕ್ಟ್ರೀಶಿಯನ್ ಮಾತು ನಂಬಬೇಡ.

ಕಾಗದಪತ್ರ ಬೇಗ ಹೇಳಿಬಿಡುತ್ತೇನೆ. ನಗರಸಭೆಯ ಟ್ರೇಡ್ ಲೈಸೆನ್ಸ್, ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಕೆಪಿಎಂಇ ನೋಂದಣಿ, ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ, ತ್ಯಾಜ್ಯ ಒಯ್ಯುವವರ ಜತೆ ಕರಾರು. ಹಳದಿ, ಕೆಂಪು, ಬಿಳಿ, ನೀಲಿ ಡಬ್ಬಿಗಳಿಗೆ ಹಿಂದಿನ ಬಾಗಿಲ ಬಳಿ 3 ಅಡಿ ಜಾಗ ಬಿಡು. ಸಂಸ್ಕರಿಸದ ತ್ಯಾಜ್ಯವನ್ನು 48 ಗಂಟೆಗಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ, ಗುಡ್ಡದ ರಸ್ತೆ ಕಟ್ಟಾದ ದಿನ ಗಾಡಿ ಬರದಿದ್ದರೆ ಏನೆಂದು ಅವರನ್ನೇ ಮೊದಲು ಕೇಳು. ದರಪಟ್ಟಿ ಕಾಣುವ ಹಾಗೆ ತೂಗುಹಾಕಬೇಕು. ಹೊರಗಿನ ಬೋರ್ಡಿನಲ್ಲಿ ಶೇ. 60 ಕನ್ನಡ ಇರಬೇಕು. ಬಾಡಿಗೆ ಕರಾರು ಐದು ವರ್ಷಕ್ಕೆ ಮಾಡಿಸು, ನೆಲ ಅಗೆಯಲು ಮತ್ತು ಹಿತ್ತಲಲ್ಲಿ ಕಂಪ್ರೆಸರ್ ಇಡಲು ಮಾಲೀಕರ ಒಪ್ಪಿಗೆ ಅದರಲ್ಲೇ ಬರೆದಿರಲಿ. ಬಾಯಿಮಾತಿನ ಒಪ್ಪಿಗೆ ಮೇಲೆ ನಾಲ್ಕು ಲಕ್ಷ ಮಣ್ಣಿಗೆ ಹಾಕಬಾರದು.

ದುಡ್ಡು. ನೀನು 24 ಲಕ್ಷ ಬರೆದು ಅಷ್ಟನ್ನೂ ಸಾಮಾನಿಗೇ ಹಾಕಿದ್ದೀಯ. ನನ್ನ ಲೆಕ್ಕ 26 ಲಕ್ಷ, ಅದರಲ್ಲಿ ಸಾಮಾನು, ಕೆಲಸ ಸೇರಿ ಹತ್ತೊಂಬತ್ತೂವರೆ ಮಾತ್ರ. 15 ಸಾವಿರದಂತೆ ಹತ್ತು ತಿಂಗಳ ಅಡ್ವಾನ್ಸ್ ಒಂದೂವರೆ ಲಕ್ಷ. ಗಾರೆ, ಪ್ಲಂಬಿಂಗ್, ವೈರಿಂಗ್ 4. ಮರಗೆಲಸ, ಬೋರ್ಡು ಒಂದೂವರೆ. ಒಂದು ಕುರ್ಚಿ 3. ಕಂಪ್ರೆಸರ್, ಡ್ರೈಯರ್, ಸಕ್ಷನ್ 90 ಸಾವಿರ. ಸ್ಟೆರಿಲೈಸೇಶನ್ 1.6. ಎಕ್ಸ್-ರೇ ಮತ್ತು ಸೆನ್ಸರ್ 1.8. ಹ್ಯಾಂಡ್‌ಪೀಸ್, ರೂಟ್ ಕೆನಾಲ್‌ಗೆ ಬೇಕಾದ ಎಂಡೋಮೋಟರ್ ಮತ್ತು ಏಪೆಕ್ಸ್ ಲೊಕೇಟರ್, ಕೈ ಉಪಕರಣ ಎರಡೂವರೆ. ಇನ್ವರ್ಟರ್, ಸರ್ಜ್, ಅರ್ಥಿಂಗ್ 1.4. ಮೊದಲ ಮೆಟೀರಿಯಲ್ 80 ಸಾವಿರ, ನೋಂದಣಿ ಮತ್ತಿತರ ಖರ್ಚು 50 ಸಾವಿರ. ಮೇಲೆ ಒಂದೂವರೆ ಲಕ್ಷ ಕೈತಪ್ಪಿದ ಖರ್ಚಿಗೆ. ನೆಲ ಅಗೆದಾಗ ಬಂಡೆ ಸಿಗುವುದು ನಮ್ಮ ಕಡೆ ಹೊಸದಲ್ಲ. ಉಳಿದ 5 ಲಕ್ಷ ಬ್ಯಾಂಕಿನಲ್ಲೇ ಇರಲಿ. ಡೀಲರ್ ಬಳಿ ಪ್ರತಿ ದರವನ್ನೂ ಜಿಎಸ್‌ಟಿ, ಸಾಗಣೆ, ಕೂರಿಸುವ ಖರ್ಚು ಸೇರಿಸಿಯೇ ಬರೆಸಿಕೊ. ರಿಪೇರಿಗೆ ಮೈಸೂರಿನಿಂದ ಜನ ಎಷ್ಟು ದಿನದಲ್ಲಿ ಬರುತ್ತಾರೆಂಬುದನ್ನೂ ಬರೆಸು. ಅಗ್ಗದ ಕುರ್ಚಿಯ ಒಂದು ವಾಲ್ವಿಗಾಗಿ ವಾರ ಕಾಯುವುದಕ್ಕಿಂತ 30 ಸಾವಿರ ಹೆಚ್ಚು ಕೊಡುವುದು ಲಾಭ.

ಆ 5 ಲಕ್ಷ ಯಾಕೆಂದರೆ, 11 ಲಕ್ಷ ಸಾಲಕ್ಕೆ ಹತ್ತೂವರೆ ಬಡ್ಡಿಯಲ್ಲಿ ಐದು ವರ್ಷಕ್ಕೆ ಕಂತು ಸುಮಾರು 23,600. ಬಾಡಿಗೆ 15 ಸಾವಿರ, ಇಬ್ಬರ ಸಂಬಳ 27, ಮೆಟೀರಿಯಲ್ ಮತ್ತು ಲ್ಯಾಬ್ 20, ಕರೆಂಟು, ತ್ಯಾಜ್ಯ, ಫೋನು 6. ರೋಗಿ ಬಂದರೂ ಬಾರದಿದ್ದರೂ ತಿಂಗಳಿಗೆ ಹತ್ತಿರ ಹತ್ತಿರ 92 ಸಾವಿರ, ಐದು ತಿಂಗಳಿಗೆ 4.6 ಲಕ್ಷ. ಜೂನ್‌ನಲ್ಲಿ ಬಾಗಿಲು ತೆರೆದರೆ ಅಷ್ಟೂ ದುಡ್ಡು ಮಳೆಯಲ್ಲೇ ಕರಗುತ್ತದೆ, ಸುರಿಯುವ ಮಳೆಯಲ್ಲಿ ಹಲ್ಲು ಕ್ಲೀನ್ ಮಾಡಿಸಲು ಯಾರೂ ಘಟ್ಟದ ದಾರಿ ಹಿಡಿಯುವುದಿಲ್ಲ. ಕಾವೇರಿ ಸಂಕ್ರಮಣ ಕಳೆದ ಮೇಲೆ ಪೂಜೆ ಇಟ್ಟುಕೊ. ಆಗ ಪುತ್ತರಿ, ಕಾಫಿ ಕೊಯ್ಲು, ಬೆಳೆಯ ದುಡ್ಡು ಕೈಗೆ ಬರುವ ತಿಂಗಳುಗಳು ಮುಂದಿರುತ್ತವೆ. ಹಲ್ಲಿನ ಸೆಟ್, ಕ್ರೌನ್ ಮಾಡಿಸುವ ಮಾತು ಬೆಳೆಗಾರರ ಮನೆಗಳಲ್ಲಿ ಏಳುವುದು ಆಗಲೇ. ತೋಟದ ಕೆಲಸದವರಿಗೆ ಬಟವಾಡೆ ಆದ ದಿನವೂ ಭಾನುವಾರವೂ ಪುರುಸೊತ್ತು. ಆದ್ದರಿಂದ ಭಾನುವಾರ ಕ್ಲಿನಿಕ್ ತೆರೆದಿಟ್ಟು ವಾರದ ನಡುವೆ ಒಂದು ದಿನ ರಜೆ ಮಾಡು. ಗಾರೆಕೆಲಸ ಮಾತ್ರ ಮೇ ಮುಗಿಯುವುದರೊಳಗೆ ಆಗಬೇಕು, ಮಳೆಯಲ್ಲಿ ಮಾಡಿದ ಪ್ಲಾಸ್ಟರಿಗೆ ಬಣ್ಣ ನಿಲ್ಲುವುದಿಲ್ಲ. ಜೂನ್, ಜುಲೈ ಸುಮ್ಮನೆ ಬಿಟ್ಟು ಯಾವ ಗೋಡೆ ಒರತೆ ಹಿಡಿಯುತ್ತದೆ ನೋಡಿಕೊಂಡು ಆಮೇಲೆ ಮರಗೆಲಸಕ್ಕೆ ಕೈ ಹಾಕು. ಬ್ಯಾಂಕಿನವರ ಬಳಿ ಆರು ತಿಂಗಳ ಮೊರಟೋರಿಯಂ, ಅಂದರೆ ಕಂತಿಗೆ ಬಿಡುವು ಕೇಳು, ಬಾಡಿಗೆಯನ್ನೂ ಮಳೆಗಾಲಕ್ಕೆ ಅರ್ಧ ಮಾಡಿಸಿಕೊಳ್ಳಲು ನೋಡು. ಕೇಳಿದರೆ ನಷ್ಟವೇನಿಲ್ಲ.

ನಾಡಿದ್ದು ಮೇಸ್ತ್ರಿಯ ಜತೆ ಹೋದಾಗ ಹಿತ್ತಲಿನ ಚೇಂಬರ್ ಮುಚ್ಚಳ ತೆಗೆಸಿ, ಮಳಿಗೆಯ ನೆಲಮಟ್ಟಕ್ಕಿಂತ ಅದರ ತಳ ಎಷ್ಟು ಕೆಳಗಿದೆ ಅಳೆದು ಕಳಿಸು. 10 ಇಂಚಿಗಿಂತ ಕಡಿಮೆ ಇದ್ದರೆ ಒಳಗಿನ ನೆಲವನ್ನೇ ಎತ್ತರಿಸಬೇಕಾಗುತ್ತದೆ, ಆಗ ರ‍್ಯಾಂಪಿನ ಉದ್ದವೂ ಗಾರೆಯ ಲೆಕ್ಕವೂ ಬದಲಾಗುತ್ತದೆ. ಅಡ್ವಾನ್ಸ್ ಕೊಡುವುದನ್ನು ಅಲ್ಲಿಯತನಕ ತಡೆ.

ನಿನ್ನ
ಅಮ್ಮ