ರೋಗಾಣು ನಮ್ಮಿಂದ ಕದಿಯುವುದೇನು ಅಂತಲೂ ಬರೆಯಿರಿ

ಸಂಪಾದಕರಿಗೆ ನಮಸ್ಕಾರ.

ಮಳೆ ಶುರುವಾದರೆ ಸಾಕು, ನಿಮ್ಮ ಪತ್ರಿಕೆಯಲ್ಲಿ ಮಲೇರಿಯಾ ಸುದ್ದಿ ಬರುತ್ತದೆ. ಟ್ಯಾಂಕಿ ಮುಚ್ಚಿ, ಕ್ಯೂರಿಂಗ್‌ಗೆ ನಿಲ್ಲಿಸಿದ ನೀರು ಖಾಲಿ ಮಾಡಿ, ಸೊಳ್ಳೆಪರದೆ ಕಟ್ಟಿ. ಎಲ್ಲ ಬೇಕಾದದ್ದೇ. ಆದರೆ ರೋಗಾಣು ಮೈಯೊಳಗೆ ಏನು ಮಾಡುತ್ತದೆ ಅನ್ನುವಲ್ಲಿಗೆ ಬಂದಾಗ "ರಕ್ತ ತಿನ್ನುತ್ತದೆ" ಅಂತ ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತೀರಿ. ನನ್ನ ತಕರಾರು ಅಲ್ಲೇ.

ನಾನು ಮಂಗಳೂರಿನಲ್ಲಿ ಲ್ಯಾಬ್ ಟೆಕ್ನಿಷಿಯನ್. 20 ವರ್ಷದಿಂದ ಸ್ಲೈಡ್ ನೋಡುತ್ತಿದ್ದೇನೆ. ಬಣ್ಣ ಹಾಕಿದ ಸ್ಲೈಡಿನ ಮೇಲೆ ಒಂದು ಹನಿ ಎಣ್ಣೆ ಬಿಟ್ಟು ನೂರರ ಲೆನ್ಸ್ ಇಳಿಸಿದರೆ ಕೆಂಪು ಕಣದೊಳಗೆ ಸಣ್ಣ ನೀಲಿ ಉಂಗುರ ಕಾಣುತ್ತದೆ, ಉಂಗುರಕ್ಕೆ ಹರಳು ಕೂರಿಸಿದ ಹಾಗೆ ಒಂದು ಕೆಂಪು ಚುಕ್ಕೆ. ಆ ಚುಕ್ಕೆಯಲ್ಲೇ ಅದರ ಡಿಎನ್‌ಎ ಇರುವುದು. ಕೆಲವು ಸ್ಲೈಡಿನಲ್ಲಿ ಒಂದೇ ಕಣದೊಳಗೆ ಹದಿನಾರು, ಹದಿನೆಂಟು ಚುಕ್ಕೆ ದಾಳಿಂಬೆ ಕಾಳಿನ ಹಾಗೆ ಒತ್ತೊತ್ತಾಗಿ ಕೂತಿರುತ್ತವೆ. ಒಡೆಯಲು ತಯಾರಾದ ಕಣ ಅದು.

ಕಳೆದ ಮಳೆಗಾಲದಲ್ಲಿ ಸೆಕೆಂಡ್ ಪಿಯುಸಿ ಓದುವ ಮಗಳಿಗೆ ಅಂಥದ್ದೊಂದು ತೋರಿಸಿದೆ. ತುಂಬ ಹೊತ್ತು ನೋಡಿ ಕೇಳಿದಳು, "ಅಪ್ಪಾ, ಎರಡು ದಿನದಲ್ಲಿ ಒಂದು ಹದಿನಾರು ಆಗ್ತದೆ ಅಂದ್ರೆ, ಅಷ್ಟು ಡಿಎನ್‌ಎ ಮಾಡ್ಲಿಕ್ಕೆ ಸಾಮಾನು ಎಲ್ಲಿಂದ ತರ್ತದೆ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಇಷ್ಟು ವರ್ಷ ಚುಕ್ಕೆ ಎಣಿಸಿದ್ದೇನೆ, ಒಂದು ದಿನವೂ ಇದನ್ನು ಕೇಳಿಕೊಂಡಿರಲಿಲ್ಲ. ಆಮೇಲೆ ಇಬ್ಬರೂ ಕೂತು ಓದಿದೆವು.

ರಕ್ತ ತಿನ್ನುತ್ತದೆ ಅನ್ನುವುದು ಸುಳ್ಳಲ್ಲ. ಹಿಮೋಗ್ಲೋಬಿನ್ ತಿಂದು ಅರಗಿಸಿಕೊಳ್ಳುತ್ತದೆ. ಆದರೆ ಅದರಿಂದ ಸಿಗುವುದು ಅಮೈನೋ ಆಮ್ಲ, ಪ್ರೋಟೀನ್ ಕಟ್ಟುವ ಸಾಮಾನು. ಡಿಎನ್‌ಎಗೆ ಬೇಕಾದದ್ದು ಎ, ಟಿ, ಜಿ, ಸಿ ಎಂಬ ನಾಲ್ಕು ಅಕ್ಷರ. ಟಿ ಮತ್ತು ಸಿ ಅದು ತಾನೇ ಮಾಡಿಕೊಳ್ಳುತ್ತದೆ. ಎ ಮತ್ತು ಜಿ, ಅಂದರೆ ಪ್ಯೂರಿನ್‌ಗಳನ್ನು ಮೊದಲಿನಿಂದ ಮಾಡುವುದು ಅದಕ್ಕೆ ಬರುವುದೇ ಇಲ್ಲ! ಫಾಲ್ಸಿಪಾರಮ್ ಎಂಬ ಜಾತಿಯ ಮಲೇರಿಯಾ ರೋಗಾಣುವಿನ ಡಿಎನ್‌ಎಯಲ್ಲಿ ಸುಮಾರು 2.3 ಕೋಟಿ ಜೋಡಿ ಅಕ್ಷರಗಳಿವೆ, ಪ್ರತಿ ಜೋಡಿಯಲ್ಲೂ ಒಂದು ಪ್ಯೂರಿನ್. ಹದಿನಾರು ಮರಿಗಳ ಲೆಕ್ಕ ಹಾಕಿದರೆ 30 ಕೋಟಿ ದಾಟುತ್ತದೆ. ಅಷ್ಟನ್ನೂ ನಮ್ಮಿಂದಲೇ ಎತ್ತಬೇಕು.

ಎತ್ತುವುದು ಸುಲಭವೂ ಅಲ್ಲ. ಕಣದ ಪೊರೆ ಜಿಡ್ಡಿನದು, ಈ ಸಾಮಾನು ನೀರಿಗೆ ಒಗ್ಗುವಂಥದ್ದು, ಸುಮ್ನೆ ನುಸುಳಿ ಹೋಗಲಿಕ್ಕಾಗುವುದಿಲ್ಲ. ಅದಕ್ಕೆ ಪೊರೆಯಲ್ಲಿ ಪ್ರೋಟೀನಿನ ಬಾಗಿಲುಗಳಿವೆ. ನಮ್ಮ ಕೆಂಪು ಕಣದ ಬಾಗಿಲಿಗೆ ಇಎನ್‌ಟಿ1 ಅಂತ ಹೆಸರು. ಕೆಂಪು ಕಣಕ್ಕೂ ಪ್ಯೂರಿನ್ ಮೊದಲಿನಿಂದ ಮಾಡಲು ಬರುವುದಿಲ್ಲ, ಹಾಗಾಗಿ ರಕ್ತದಲ್ಲಿರುವ ಅಡೆನೋಸಿನ್ ಎಂಬ ಪ್ಯೂರಿನ್ ಸಾಮಾನನ್ನು ಈ ಬಾಗಿಲಿನಿಂದ ಒಳಗೆ ತಗೊಳ್ಳುತ್ತದೆ. (ಆಗಸ್ಟೀನ್ ಅನ್ನುವ ರಕ್ತದ ಗುಂಪು ಕೂಡ ಇದೇ ಪ್ರೋಟೀನಿನದು ಅಂತ 2015ರಲ್ಲಿ ಗೊತ್ತಾಯಿತು. ಬ್ಲಡ್ ಬ್ಯಾಂಕಿನ ಗೆಳೆಯರಿಗೆ ಖುಷಿಯಾಗಬಹುದು.)

ಬಾಗಿಲು ಅಂದೆ, ಆದರೆ ತೂತು ಅಂದುಕೊಳ್ಳಬೇಡಿ. ಮಗಳಿಗೆ ನಾನು ಹೇಳಿದ್ದು ಹೀಗೆ. ಎರಡು ಅಂಗೈ ಎದುರುಬದುರು ಹಿಡಿ, ಮಣಿಕಟ್ಟು ಕೂಡಿರಲಿ, ಬೆರಳು ತೆರೆದಿರಲಿ. ಮೇಲಿನಿಂದ ಒಂದು ಮಲ್ಲಿಗೆ ಮೊಗ್ಗು ಬಿತ್ತು. ಈಗ ಬೆರಳು ಕೂಡಿಸಿ ಮಣಿಕಟ್ಟು ಬಿಡಿಸು. ಮೊಗ್ಗು ಕೆಳಗೆ ಜಾರಿತು, ಅಲ್ವಾ? ಮೇಲೂ ಕೆಳಗೂ ಒಟ್ಟಿಗೆ ತೆರೆಯುವುದಿಲ್ಲ. ಇದು ನಡೆಯಲು ಬೇರೆ ಶಕ್ತಿ ಬೇಡ, ಸಾಮಾನು ಜಾಸ್ತಿ ಇರುವ ಕಡೆಯಿಂದ ಕಮ್ಮಿ ಇರುವ ಕಡೆಗೆ ಹೋಗುತ್ತದೆ.

ಕೆಂಪು ಕಣದ ಒಳಗೆ ಬಂದ ಅಡೆನೋಸಿನ್ ಹೈಪೋಕ್ಸಾಂಥಿನ್ ಎಂಬ ಇನ್ನೊಂದು ಪ್ಯೂರಿನ್ ಆಗುತ್ತದೆ. ರೋಗಾಣು ತನ್ನ ಮೈಮೇಲೆ ಇಟ್ಟುಕೊಂಡ ಬಾಗಿಲು, ಪಿಎಫ್‌ಇಎನ್‌ಟಿ1, ಅದನ್ನು ಎಳೆದುಕೊಳ್ಳುತ್ತದೆ. ಒಳಗೆ ಸೇರಿದ ಕೂಡಲೇ ಸಕ್ಕರೆ, ಫಾಸ್ಫೇಟ್ ಜೋಡಿಸಿಬಿಡುತ್ತದೆ, ಮತ್ತೆ ಆ ಬಾಗಿಲಲ್ಲಿ ಹೊರಗೆ ಬರಲಿಕ್ಕಿಲ್ಲ. ವೈವಾಕ್ಸ್ ಎಂಬ ಇನ್ನೊಂದು ಜಾತಿಯ ಮಲೇರಿಯಾ ರೋಗಾಣುವಿಗೂ ಇದೇ ಥರದ ಬಾಗಿಲಿದೆ. ಪ್ರಯೋಗಶಾಲೆಯಲ್ಲಿ ಈ ಬಾಗಿಲಿನ ಜೀನ್ ತೆಗೆದುಹಾಕಿದಾಗ, ನಮ್ಮ ರಕ್ತದಲ್ಲಿರುವಷ್ಟು ಪ್ಯೂರಿನ್ ಕೊಟ್ಟರೆ ಫಾಲ್ಸಿಪಾರಮ್ ಬೆಳೆಯಲೇ ಇಲ್ಲ. ಅದಕ್ಕೇ ಈ ಬಾಗಿಲಿಗೆ ಅಡ್ಡ ಹಾಕುವ ಮದ್ದು ಹುಡುಕುತ್ತಿದ್ದಾರೆ. 2023ರಲ್ಲಿ ಇದರ ರಚನೆಯೂ ಪ್ರಕಟವಾಗಿದೆ. ಸದ್ಯಕ್ಕೆ ನಾವು ನುಂಗುವ ಮಲೇರಿಯಾ ಮಾತ್ರೆಗಳು ಬೇರೆ ದಾರಿಯಲ್ಲಿ ಕೆಲಸ ಮಾಡುವವು. ಜ್ವರ ಬಿಟ್ಟಿತು ಅಂತ ಅವನ್ನು ಅರ್ಧಕ್ಕೆ ನಿಲ್ಲಿಸಬೇಡಿ.

ಇಷ್ಟನ್ನು ನೀವು ಕನ್ನಡದಲ್ಲಿ ಬರೆಯಬೇಕು ಅನ್ನುವುದು ನನ್ನ ಆಸೆ. ಮಲೇರಿಯಾ ಅಂದರೆ ಏನು ಅಂತ ಮಂಗಳೂರಿನವರಿಗೆ ಯಾರೂ ಪರಿಚಯ ಮಾಡಿಕೊಡಬೇಕಿಲ್ಲ. ಚಳಿಯಲ್ಲಿ ಮೂರು ಕಂಬಳಿ ಹೊದ್ದು ನಡುಗಿದವರು ಪ್ರತಿ ಬೀದಿಯಲ್ಲೂ ಸಿಗುತ್ತಾರೆ. ಅವರಿಗೆ ಎಚ್ಚರಿಕೆಯ ಮಾತು ಮಾತ್ರ ಸಾಕಾ? ತಮ್ಮ ಮೈಯೊಳಗೆ ನಡೆದದ್ದು ಏನು ಅಂತ ತಿಳಿಯುವ ಹಕ್ಕು ಅವರಿಗಿದೆ. ಭಾನುವಾರದ ಪುರವಣಿಯಲ್ಲಿ ಅರ್ಧ ಪುಟ ಕೊಡಿ. ಅಂಗೈ ಹಿಡಿಯುವ ಚಿತ್ರ ನನ್ನ ಮಗಳು ಬರೆದುಕೊಡುತ್ತಾಳೆ. ಉಂಗುರ ನೋಡಬೇಕು ಅಂದರೆ ನಿಮ್ಮ ವರದಿಗಾರರು ಒಮ್ಮೆ ಲ್ಯಾಬಿಗೆ ಬರಲಿ, ಲೆನ್ಸ್ ಇಳಿಸಿ ಕೊಡುತ್ತೇನೆ.

– ಒಬ್ಬ ಲ್ಯಾಬ್ ಟೆಕ್ನಿಷಿಯನ್, ಮಂಗಳೂರು