ಎದುರಾಳಿಗಳು ಕೊಟ್ಟ ಪ್ರಶಸ್ತಿ

ಅಥೆನ್ಸ್, ಜಾರ್ಜಿಯಾ
20 ಜುಲೈ 2024

ತೀರ್ಥರೂಪು ಅಪ್ಪನವರಿಗೆ ಮತ್ತು ಅಮ್ಮನಿಗೆ ನಿಮ್ಮ ಮಗ ಮಾಡುವ ನಮಸ್ಕಾರಗಳು.

ನಾನು ಕ್ಷೇಮ. ಅಮ್ಮ ಕಳಿಸಿದ ಚಟ್ನಿಪುಡಿ ತಲುಪಿತು.

ತಮ್ಮನು ಕಾಲೇಜು ತಂಡಕ್ಕೆ ಆಯ್ಕೆಯಾಗಲಿಲ್ಲವೆಂದು ಅವನ ಕ್ರಿಕೆಟ್ ಕಿಟ್ ಅಟ್ಟ ಸೇರಿದ ಸಂಗತಿಯನ್ನು ಹೋದ ವಾರ ಹೇಳಿದಿರಿ. ಅಪ್ಪಾ, ಫೋನಿನಲ್ಲಿ ನಿಮಗೆ ಎದುರು ಮಾತಾಡಲು ನಾಲಿಗೆ ಏಳಲಿಲ್ಲ. ಅದಕ್ಕೇ ಈ ಕಾಗದ.

ನಮ್ಮ ಜಾರ್ಜಿಯಾ ವಿಶ್ವವಿದ್ಯಾಲಯದ ಬೇಸ್‌ಬಾಲ್ ತಂಡದಲ್ಲಿ ಚಾರ್ಲಿ ಕಾಂಡನ್ ಎಂಬ ಹುಡುಗನಿದ್ದ. ಅವನನ್ನು ತಂಡಕ್ಕೆ ಸೇರಿಸಿಕೊಂಡದ್ದು ವಿದ್ಯಾರ್ಥಿವೇತನವಿಲ್ಲದೆ. ಅವನು ಸೇರಿದಾಗ ಇಲ್ಲಿ ಒಂದು ಬೇಸ್‌ಬಾಲ್ ತಂಡಕ್ಕೆ ಇದ್ದದ್ದೇ 11.7 ಪೂರ್ಣ ವಿದ್ಯಾರ್ಥಿವೇತನ. ಅದನ್ನೇ ಹುಡುಗರಿಗೆಲ್ಲ ಹರಿದು ಹಂಚುತ್ತಿದ್ದರು. 2022ರ ಇಡೀ ವರ್ಷ ಅವನು ಒಂದು ಪಂದ್ಯವನ್ನೂ ಆಡಲಿಲ್ಲ. ಇದಕ್ಕೆ ರೆಡ್‌ಶರ್ಟ್ ಎನ್ನುತ್ತಾರೆ: ತಂಡದ ಜೊತೆ ದಿನವೂ ಅಭ್ಯಾಸ ಮಾಡಬೇಕು, ಕಣಕ್ಕಿಳಿಯುವಂತಿಲ್ಲ. ಆದರೆ ಆಡಲು ಸಿಗುವ ನಾಲ್ಕು ವರ್ಷಗಳಲ್ಲಿ ಆ ವರ್ಷ ಲೆಕ್ಕಕ್ಕೆ ಬರುವುದಿಲ್ಲ.

ಮರುವರ್ಷ ಅವನು ನಮ್ಮ ಆಗ್ನೇಯ ಕಾನ್ಫರೆನ್ಸಿನ, ಅಂದರೆ ತಮ್ಮತಮ್ಮಲ್ಲಿ ಆಡುವ ಈ ಭಾಗದ ವಿಶ್ವವಿದ್ಯಾಲಯಗಳ ಕೂಟದ, ವರ್ಷದ ಹೊಸ ಆಟಗಾರನಾದ. ಈ ವರ್ಷ, ಕಾನ್ಫರೆನ್ಸಿಗೇ ವರ್ಷದ ಆಟಗಾರ. ಹೊಡೆದದ್ದು 37 ಹೋಮ್ ರನ್ (ನಮ್ಮ ಸಿಕ್ಸರ್‌ನಂತೆ ಬೇಲಿ ದಾಟುವ ಹೊಡೆತ), ಬ್ಯಾಟಿಂಗ್ ಸರಾಸರಿ .433. ಬೇಸ್‌ಬಾಲ್‌ನಲ್ಲಿ ನೂರಕ್ಕೆ ಮೂವತ್ತು ಸಲ ಹೊಡೆತ ಸಿಕ್ಕರೂ ಒಳ್ಳೆಯ ಆಟಗಾರನೇ, ಇವನಿಗೆ ನಲವತ್ತಮೂರು! ಬೇಲಿಯಾಚೆ ಕುಡ್ಜು ದಿಬ್ಬದ ಮೇಲೆ ನಿಂತು ನಾನು ನೋಡುವಾಗ, ಅವನು ಬ್ಯಾಟ್ ಹಿಡಿದು ಬಂದನೆಂದರೆ ದಿಬ್ಬದ ಗದ್ದಲವೆಲ್ಲ ಅಡಗುತ್ತಿತ್ತು.

ಆ ಪ್ರಶಸ್ತಿ ಕೊಡುವ ಬಗೆಯೇ ನನ್ನ ಮನಸ್ಸಿನಲ್ಲಿ ನಿಂತಿದೆ. ಈ ಸಲ ಮತ ಹಾಕಿದವರು ಕಾನ್ಫರೆನ್ಸಿನಲ್ಲಿದ್ದ ಹದಿನಾಲ್ಕು ವಿಶ್ವವಿದ್ಯಾಲಯಗಳ ತರಬೇತುದಾರರು. ಯಾರೂ ತಮ್ಮ ತಂಡದ ಹುಡುಗನಿಗೆ ಮತ ಹಾಕುವಂತಿಲ್ಲ. ಹೀಗಾಗಿ ಕಾಂಡನ್‌ನ ಗುರುವಿಗೇ ಅವನ ಹೆಸರು ಬರೆಯುವ ಅವಕಾಶವಿರಲಿಲ್ಲ. ಅವನಿಂದ ಏಟು ತಿಂದವರು, ಅವನನ್ನು ಕಟ್ಟಿಹಾಕುವುದು ಹೇಗೆಂದು ತಲೆ ಕೆಡಿಸಿಕೊಂಡವರೇ ಅವನ ಹೆಸರು ಬರೆದರು. ವರ್ಷದ ಶ್ರೇಷ್ಠ ಎಸೆತಗಾರನಾದ ಅರ್ಕಾನ್ಸಾಸ್‌ನ ಹೇಗನ್ ಸ್ಮಿತ್‌ನನ್ನು ಆರಿಸಿದ್ದೂ ಹೀಗೆಯೇ. 84 ಇನಿಂಗ್ಸ್‌ಗಳಲ್ಲಿ 161 ಜನರನ್ನು ಬ್ಯಾಟಿಗೆ ಚೆಂಡು ಸಿಗದಂತೆ ಔಟ್ ಮಾಡಿದ್ದಾನೆ. ಎದುರಾಳಿಯ ಬಾಯಿಂದ ಬಂದ ಈ ಹೊಗಳಿಕೆಗೆ ನಾನು ಬಹಳ ಬೆಲೆ ಕೊಡುತ್ತೇನೆ.

ಕಳೆದ ವಾರ ವೃತ್ತಿಪರ ತಂಡಗಳು ಹುಡುಗರನ್ನು ಆರಿಸಿಕೊಂಡಾಗ ಇಡೀ ದೇಶದಲ್ಲಿ ಮೂರನೆಯವನಾಗಿ ಕಾಂಡನ್‌ನನ್ನು ಕೊಲೊರಾಡೊ ರಾಕೀಸ್ ತೆಗೆದುಕೊಂಡಿತು. ಅಂದು ರಾತ್ರಿ ನನಗೆ ತಮ್ಮನದೇ ನೆನಪು. ಅವನು ಕಾಂಡನ್ ಆಗುತ್ತಾನೆಂದು ಹೇಳುತ್ತಿಲ್ಲ, ಅಪ್ಪಾ. ಅವನಿಗೂ ಆಡದ ಒಂದು ವರ್ಷವನ್ನು ಕೊಡಿ ಎಂದು ಕೇಳುತ್ತಿದ್ದೇನೆ. ಬೆಳಗ್ಗೆ ಎರಡು ಗಂಟೆ ಅಭ್ಯಾಸ, ಉಳಿದದ್ದೆಲ್ಲ ಓದು. ಅವನ ಮೈದಾನದ ಶುಲ್ಕವನ್ನು ನಾನು ತಿಂಗಳು ತಿಂಗಳು ಕಳಿಸುತ್ತೇನೆ.

ಅಲ್ಲಿ ಈಗ ಜಡಿಮಳೆ, ಅಟ್ಟದಲ್ಲಿ ತೇವವಿರುತ್ತದೆ. ದಯವಿಟ್ಟು ಕಿಟ್ ಕೆಳಗಿಳಿಸಿ, ಬ್ಯಾಟನ್ನು ಒರೆಸಿ ನಡುಮನೆಯಲ್ಲಿ ಇಡಿಸಿ. ಅಗಸೆ ಎಣ್ಣೆಯನ್ನು ಅವನೇ ಹಚ್ಚಿಕೊಳ್ಳುತ್ತಾನೆ.

ಅಜ್ಜಿಗೆ ನನ್ನ ನಮಸ್ಕಾರ ತಿಳಿಸಿ.

ಇಂತಿ,
ನಿಮ್ಮ ಮಗ