ಕೋರಾಪುಟ್‌ಗೆ ಹೊರಟ ಮಗಳಿಗೆ

ಶಿರಸಿ
ಜೂನ್ ಮೊದಲ ವಾರ

ಪ್ರೀತಿಯ ಮಗಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ಕೋರಾಪುಟ್‌ನ ನವೋದಯ ವಸತಿ ಶಾಲೆಗೆ ಗಣಿತದ ಟೀಚರ್ ಆಗಿ ಆದೇಶ ಬಂದ ಸುದ್ದಿಯನ್ನು ನಿನ್ನ ಅಪ್ಪ ಹೇಳಿದ. ಆಮೇಲೆ ನಿನ್ನ ಆಯಿ ಫೋನ್ ತಗೊಂಡು, "ಭಾವಯ್ಯ, ಒಡಿಶಾ ರಾಶಿ ದೂರ ಆತು, ನೀವಾರೂ ಬ್ಯಾಡ ಹೇಳಿ" ಅಂದಳು. ನಾನು ಬೇಡ ಅನ್ನುವುದಿಲ್ಲ. ಹೋಗು. ಖುಷಿಯಿಂದ ಹೋಗು.

ಆದರೆ ನೀನು ವಾಟ್ಸಪ್‌ನಲ್ಲಿ ಕೇಳಿದ ಮೊದಲ ಪ್ರಶ್ನೆ ನನ್ನ ತಲೆಯಲ್ಲೇ ಉಳಿದಿದೆ. "ದೊಡ್ಡಪ್ಪ, ಈ ಕಡೆ ಟ್ರಾನ್ಸ್‌ಫರ್ ಯಾವಾಗ ಸಿಗಬಹುದು?" ಇನ್ನೂ ಹೋಗೇ ಇಲ್ಲ, ಆಗಲೇ ವಾಪಸು ಬರುವ ಮಾತು. ನಿನ್ನನ್ನು ಬೈಯುತ್ತಿಲ್ಲ. ಹೊಸದಾಗಿ ಸೇರುವವರೆಲ್ಲ ಕೇಳುವ ಪ್ರಶ್ನೆಯೇ ಅದು. ಫೋನಿನಲ್ಲಿ ಎರಡು ಮಾತಿನಲ್ಲಿ ಹೇಳಿ ಮುಗಿಸುವ ವಿಷಯ ಅಲ್ಲ ಅಂತ ಪತ್ರ ಬರೆಯುತ್ತಿದ್ದೇನೆ.

ಮೊದಲು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ನವೋದಯ ಸಮಿತಿಗೆ ದೇಶದಲ್ಲಿ 8 ಪ್ರಾದೇಶಿಕ ಕಚೇರಿಗಳಿವೆ. ಒಡಿಶಾ ಬರುವುದು ಭೋಪಾಲ ವಿಭಾಗದಲ್ಲಿ. ನಮ್ಮ ಕರ್ನಾಟಕ ಹೈದರಾಬಾದ್ ವಿಭಾಗದಲ್ಲಿ. ಅಂದರೆ ನೀನು ಮುಂಡಗೋಡದ ನವೋದಯಕ್ಕೆ ಬರಬೇಕು ಅಂದರೆ ವಿಭಾಗವನ್ನೇ ದಾಟಿ ಬರಬೇಕು, ಇಲ್ಲಿ ನಿನ್ನ ವಿಷಯದ ಹುದ್ದೆ ಖಾಲಿಯೂ ಇರಬೇಕು. ನಿಯಮಗಳು ಆಗಾಗ ಬದಲಾಗುತ್ತವೆ. ಅರ್ಜಿ ಕರೆದಾಗ ಹಾಕು, ಅದರಲ್ಲಿ ತಪ್ಪಿಲ್ಲ. ಹಾಕಿದ ಮೇಲೆ ಮರೆತುಬಿಡು. ಅದನ್ನೇ ಕಾಯುತ್ತಾ ಕೂತರೆ ನಿನ್ನ ದಿನಗಳೂ ಹಾಳು, ಮಕ್ಕಳ ದಿನಗಳೂ ಹಾಳು.

ನಮ್ಮ ಊರಿನ ಶಾಲೆಯ ಮಾಸ್ತರ ವಿಷಯ ನಿನಗೆ ಹೇಳಿದ್ದೆನೋ ಇಲ್ಲವೋ. ಅವರು ವಿಜಯಪುರ ಕಡೆಯವರು. ಆ ಕಾಲದಲ್ಲೂ ಈಗಲೂ ನಮ್ಮ ಜಿಲ್ಲೆಯ ಎಷ್ಟೋ ಶಾಲೆಗಳು ನಡೆದಿರುವುದು ಬಯಲುಸೀಮೆಯಿಂದ ಬಂದ ಮಾಸ್ತರು, ಅಕ್ಕೋರುಗಳಿಂದ. ವಿಜಯಪುರದ ಬಿಸಿಲಿನಲ್ಲಿ ಬೆಳೆದವರಿಗೆ ಇಲ್ಲಿಯ ಮಳೆಗಾಲ ಹೇಗಿರಬೇಕು ಯೋಚಿಸು. ಹಳ್ಳ ತುಂಬಿ ಹರಿಯುವಾಗ ಅಡಿಕೆ ಮರದ ಸಂಕದ ಮೇಲೆ ದಾಟಬೇಕು. ಇಂಬಳ, ಅಂದರೆ ರಕ್ತ ಹೀರುವ ಜಿಗಣೆ, ಕಾಲಿಗೆ ಹತ್ತುತ್ತದೆ. ಮಕ್ಕಳ ಮಾತು ಅರ್ಥವಾಗುವುದಿಲ್ಲ. ಕನ್ನಡವೇ ಆದರೂ ನಮ್ಮ ಹವ್ಯಕ ಮಾತು ಅವರ ಕಿವಿಗೆ ಬೇರೆ ಭಾಷೆಯೇ. ಆ ಮಾಸ್ತರು ಮೊದಲ ಮಳೆಗಾಲಕ್ಕೇ ಕಂಬಳಿ ಕೊಪ್ಪೆ ಹೊದ್ದು ಬರತೊಡಗಿದರು. ನಮ್ಮ ಹತ್ತಿರವೇ ಮಾತು ಕಲಿತರು. ಅವರು ವರ್ಗದ ಸುದ್ದಿ ಎತ್ತಿದ್ದನ್ನು ನಾವು ಯಾರೂ ಕೇಳಲಿಲ್ಲ. ಅವರಿಗೂ ತಾಯಿ ತಂದೆ ಇದ್ದರು, ಹೊಲ ಇತ್ತು. ಅರ್ಜಿ ಹಾಕಿಯೇ ಇರುತ್ತಾರೆ. ಆದರೆ ಶಾಲೆಯ ಒಳಗೆ ಅದು ಕಾಲಿಡಲಿಲ್ಲ. ಅವರ ನಂತರ ಬಂದ ಇನ್ನೊಬ್ಬರು ಪ್ರತಿ ಸೋಮವಾರ ಲೇಟು, ಪ್ರತಿ ಶುಕ್ರವಾರ ಬೇಗ. ಅವರು ಹೋಗುವವರು ಅಂತ ಒಂದನೇ ಕ್ಲಾಸಿನ ಮಗುವಿಗೂ ಗೊತ್ತಿತ್ತು. ಅವರ ಹತ್ತಿರ ಯಾರೂ ಏನನ್ನೂ ಕೇಳುತ್ತಿರಲಿಲ್ಲ. ಮಕ್ಕಳಿಗೆ ಇದು ಎಷ್ಟು ಬೇಗ ತಿಳಿಯುತ್ತದೆ ಅಂದರೆ, ನೀನು ಬಾಯಿ ಬಿಡಬೇಕಾಗಿಯೇ ಇಲ್ಲ.

ನವೋದಯದಲ್ಲಿ ಇದು ಇನ್ನೂ ಜಾಸ್ತಿ. ಅಲ್ಲಿ ಶಾಲೆ ಸಂಜೆ ಮುಗಿಯುವುದಿಲ್ಲ. ಮಕ್ಕಳು ಅಲ್ಲೇ ಉಣ್ಣುತ್ತಾರೆ, ಅಲ್ಲೇ ಮಲಗುತ್ತಾರೆ. ನಿನಗೆ ಹುಡುಗಿಯರ ಒಂದು ಹೌಸ್ ವಹಿಸುವುದು ಬಹುತೇಕ ಖಂಡಿತ. ಹೌಸ್ ಅಂದರೆ ಒಟ್ಟಿಗೆ ಇರುವ ಮಕ್ಕಳ ಗುಂಪು; ಅರಾವಳಿ, ನೀಲಗಿರಿ, ಶಿವಾಲಿಕ, ಉದಯಗಿರಿ ಅಂತ ನಾಲ್ಕು. ಆರನೇ ತರಗತಿಗೆ ವರ್ಷಕ್ಕೆ ಹೆಚ್ಚೆಂದರೆ 80 ಮಕ್ಕಳು ಪರೀಕ್ಷೆ ಬರೆದು ಬರುತ್ತಾರೆ. ಅದರಲ್ಲಿ ಮುಕ್ಕಾಲು ಪಾಲು ಸೀಟು ಹಳ್ಳಿ ಮಕ್ಕಳಿಗೆ. ಹತ್ತು ಹನ್ನೊಂದು ವರ್ಷದ ಕೂಸುಗಳು. ಮನೆ ಬಿಟ್ಟು ಒಂದು ರಾತ್ರಿಯೂ ಬೇರೆ ಕಡೆ ಮಲಗದವರು. ನೀನು ಸೇರುವ ಹೊತ್ತಿಗೇ ಅವರೂ ಸೇರುತ್ತಾರೆ. ಮನೆ ನೆನಪಾಗಿ ಅಳುವುದು ನೀನೊಬ್ಬಳೇ ಅಲ್ಲ ಅಂತ ಮೊದಲ ವಾರದಲ್ಲೇ ತಿಳಿಯುತ್ತದೆ.

ಪಾಲಕರ ಭೇಟಿಯ ದಿನದ ಬಗ್ಗೆ ಒಂದು ಮಾತು ಹೇಳಲೇಬೇಕು. ಅವತ್ತು ಬೆಳಿಗ್ಗೆಯಿಂದಲೇ ಗೇಟಿನ ಹತ್ತಿರ ಜನ. ಮರದ ಕೆಳಗೆ ಚಾಪೆ ಹಾಸಿ, ಡಬ್ಬಿ ಬಿಚ್ಚಿ ಮಕ್ಕಳಿಗೆ ಉಣಿಸುತ್ತಾರೆ. ನೋಡಲು ಚೆಂದ. ಆದರೆ ಕೆಲವು ಮಕ್ಕಳಿಗೆ ಯಾರೂ ಬರುವುದಿಲ್ಲ. ಬಸ್ ಚಾರ್ಜಿಗೆ ದುಡ್ಡಿರುವುದಿಲ್ಲ, ಇಲ್ಲವೇ ಒಂದು ದಿನದ ಕೂಲಿ ಬಿಡಲು ಆಗುವುದಿಲ್ಲ. ಆ ಮಕ್ಕಳು ಹೊಟ್ಟೆನೋವು ಅಂತ ಹೇಳಿ ಡಾರ್ಮಿಟರಿಯಲ್ಲಿ ಮಲಗಿಬಿಡುತ್ತಾರೆ. ಆ ಭಾನುವಾರ ಪೇಪರ್ ತಿದ್ದುವುದು, ಬಟ್ಟೆ ಒಗೆಯುವುದು ಇಟ್ಟುಕೊಳ್ಳಬೇಡ. ಮಲಗಿದವರನ್ನು ಎಬ್ಬಿಸಿ ನಿನ್ನ ಕ್ವಾರ್ಟರ್ಸ್ ಜಗುಲಿಗೆ ಕರೆದುಕೊಂಡು ಬಾ. ಒಬ್ಬಳನ್ನೇ ಕರೆದರೆ ಅವಳಿಗೆ ನಾಚಿಕೆ, ನಾಲ್ಕು ಮಂದಿಯನ್ನು ಒಟ್ಟಿಗೆ ಕರೆ. ಹಪ್ಪಳ ಸುಟ್ಟು ಕೊಡು. ಯಾಕೆ ಯಾರೂ ಬರಲಿಲ್ಲ ಅಂತ ಕೇಳಬೇಡ. ಅವರಾಗಿ ಹೇಳಿದರೆ ಕೇಳಿಸಿಕೋ.

ಒಂಬತ್ತನೇ ತರಗತಿಯ ವಲಸೆ ಮಕ್ಕಳ ವಿಷಯವೂ ಹಾಗೆಯೇ. ಹಿಂದಿ ಭಾಷೆಯ ರಾಜ್ಯದಿಂದ ಇತರ ರಾಜ್ಯಕ್ಕೆ, ಅಲ್ಲಿಂದ ಇಲ್ಲಿಗೆ, ನೂರಕ್ಕೆ 30 ಮಕ್ಕಳನ್ನು ಒಂದು ವರ್ಷಕ್ಕೆ ಅದಲುಬದಲು ಮಾಡುವ ಕ್ರಮ ನವೋದಯದಲ್ಲಿದೆ. ಒಳ್ಳೆಯ ಯೋಚನೆ ಅದು, ನನಗೆ ಅದರಲ್ಲಿ ನಂಬಿಕೆ ಇದೆ. ಆದರೆ ಹದಿನಾಲ್ಕರ ವಯಸ್ಸಿನಲ್ಲಿ ಗೆಳತಿಯರನ್ನು ಬಿಟ್ಟು ಬರುವುದು ಸುಲಭ ಅಲ್ಲ. ಬೇರೆ ರಾಜ್ಯದಿಂದ ಬಂದವರು ನೀವೆಲ್ಲ ಒಂದೇ ದೋಣಿಯವರು. ಅವರ ಎದುರು ನೀನು "ಈ ಊರೇ ಬೇಜಾರು" ಅಂದರೆ ಆ ಮಕ್ಕಳಿಗೆ ಹಿಡಿದುಕೊಳ್ಳಲು ಏನೂ ಉಳಿಯುವುದಿಲ್ಲ.

ಈಗ ಭಾಷೆ. ಸ್ಟಾಫ್ ರೂಮಿನಲ್ಲಿ ಹಿಂದಿ ಸಾಕು. ಕ್ಲಾಸಿನಲ್ಲಿ ಸಾಲದು. ಮೇಲಿನ ತರಗತಿಗಳಲ್ಲಿ ಗಣಿತ, ವಿಜ್ಞಾನ ಇಂಗ್ಲಿಷಿನಲ್ಲೇ ನಡೆಯುತ್ತವೆ. ಆದರೆ ಆರನೆಯವರು ಬರುವುದು ಒಡಿಯಾ ಮಾಧ್ಯಮದ ಹಳ್ಳಿ ಶಾಲೆಯಿಂದ. ನೀನು 'ಮೈನಸ್' ಅಂದಾಗ ಪಿಳಿಪಿಳಿ ನೋಡುತ್ತಾರೆ. ಲೆಕ್ಕ ಬಾರದೆ ಅಲ್ಲ, ಮಾತು ತಿಳಿಯದೆ. ಹೋಗುವ ಮೊದಲೇ ನಾಲ್ಕು ಪದ ಕಲಿತುಕೋ: ಕೂಡುವುದಕ್ಕೆ ಮಿಶಾಣ, ಕಳೆಯುವುದಕ್ಕೆ ಫೇಡಾಣ, ಗುಣಿಸುವುದಕ್ಕೆ ಗುಣನ, ಭಾಗಿಸುವುದಕ್ಕೆ ಹರಣ. ನೂರರವರೆಗೆ ಎಣಿಸುವುದನ್ನೂ ಕಲಿ. ಲಿಪಿ ನೋಡಿ ಹೆದರಬೇಡ. ದುಂಡಗೆ ಇದೆ, ನಮ್ಮ ಕಣ್ಣಿಗೆ ದೇವನಾಗರಿಗಿಂತ ಬೇಗ ಹಿಡಿಸುತ್ತದೆ. ಮಕ್ಕಳ ಹತ್ತಿರವೇ ಕಲಿ. ಟೀಚರಿಗೆ ತಾನು ಕಲಿಸಬಹುದು ಅಂತಾದರೆ ಆರನೇ ತರಗತಿಯ ಹುಡುಗಿಗೆ ಎಷ್ಟು ಧೈರ್ಯ ಬರುತ್ತದೆ ನೋಡು.

ಇನ್ನೊಂದು ವಿಷಯ ಗಮನದಲ್ಲಿರಲಿ. ಕೋರಾಪುಟ್‌ನಲ್ಲಿ ಬುಡಕಟ್ಟು ಜನ ಬಹಳ. ಎಷ್ಟೋ ಮಕ್ಕಳಿಗೆ ಒಡಿಯಾ ಕೂಡ ಮನೆಮಾತಲ್ಲ. ದೇಸಿಯಾ, ಕುವಿ, ಗದಬ ಅಂತ ಬೇರೆ ಬೇರೆ ಮಾತುಗಳಿವೆ. ಇದರಲ್ಲಿ ಕುವಿ ದ್ರಾವಿಡ ಭಾಷೆ, ನಮ್ಮ ಕನ್ನಡದ ದೂರದ ನೆಂಟ. ಕಾರವಾರದಲ್ಲಿ, ಜೋಯಿಡಾದಲ್ಲಿ ಕೊಂಕಣಿ ಮಾತಾಡುವ ಮಗು ಕನ್ನಡ ಶಾಲೆಗೆ ಬಂದು ಮೊದಲ ವರ್ಷ ಬಾಯಿ ಮುಚ್ಚಿ ಕೂರುವುದನ್ನು ನಮ್ಮ ಜಿಲ್ಲೆಯ ಅಕ್ಕೋರುಗಳು ದಿನಾ ನೋಡುತ್ತಾರೆ. ಸುಮ್ನೆ ಕೂತ ಮಗು ದಡ್ಡ ಅಲ್ಲ ಅಂತ ಅವರಿಗೆ ಗೊತ್ತು. ನಿನಗೂ ಗೊತ್ತಿರಲಿ.

ಸ್ಟಾಫ್ ರೂಮಿನಲ್ಲಿ "ಈ ಮಕ್ಕಳಿಗೆ ಇಷ್ಟೇ ಬರುವುದು" ಅನ್ನುವ ಮಾತು ಕೇಳಿಬರಬಹುದು. ಅದಕ್ಕೆ ತಲೆಯಾಡಿಸಬೇಡ. ನಮ್ಮ ಅಂಕೋಲಾದ ತುಳಸಿ ಗೌಡ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಕಾಡಿನ ಗಿಡಗಳ ಬಗ್ಗೆ ಅವರಿಗಿದ್ದ ತಿಳಿವಳಿಕೆಗೆ 2020ರಲ್ಲಿ ಪದ್ಮಶ್ರೀ ಬಂತು. ಅದರ ಹಿಂದಿನ ವರ್ಷ, 2019ರಲ್ಲಿ, ಕೋರಾಪುಟ್ ಜಿಲ್ಲೆಯ ಕಮಲಾ ಪೂಜಾರಿ ಅನ್ನುವ ಬುಡಕಟ್ಟಿನ ರೈತ ಮಹಿಳೆಗೂ ಪದ್ಮಶ್ರೀ ಬಂದಿತ್ತು. ಊರೂರು ಸುತ್ತಿ ನಾಟಿ ಭತ್ತದ ತಳಿಗಳನ್ನು ಉಳಿಸಿದವರು ಅವರು. ಇಬ್ಬರೂ 2024ರಲ್ಲಿ ತೀರಿಕೊಂಡರು. ನಿನ್ನ ಕ್ಲಾಸಿನಲ್ಲಿ ಕೂರುವ ಮಗು ಅಂಥ ಅಜ್ಜಿಯ ಮೊಮ್ಮಗಳೇ ಇರಬಹುದು. ಬೀಜ ಅಳೆಯುವುದು, ಗದ್ದೆಗೆ ಎಷ್ಟು ಬೇಕು ಅಂತ ಲೆಕ್ಕ ಹಾಕುವುದು ಅವಳ ಮನೆಯಲ್ಲೇ ಇದೆ. ಅಲ್ಲಿಂದಲೇ ಭಿನ್ನರಾಶಿ ಶುರು ಮಾಡು.

ಎಷ್ಟೇ ಸಿಟ್ಟು ಬಂದರೂ ಕೈ ಎತ್ತಬೇಡ. 2009ರ ಶಿಕ್ಷಣ ಹಕ್ಕು ಕಾಯ್ದೆ ಅದನ್ನು ನಿಷೇಧಿಸಿದೆ. ಕಾಯ್ದೆ ಇಲ್ಲದಿದ್ದರೂ ನಾನು ಇದನ್ನೇ ಹೇಳುತ್ತಿದ್ದೆ.

ಊರು ಹೇಗಿದೆ ಅಂತ ಕೇಳಿದ್ದೆಯಲ್ಲ. ನಾನು ಒಡಿಶಾದಲ್ಲಿ ಇದ್ದಾಗ ಆ ಘಟ್ಟಗಳನ್ನು ಓಡಾಡಿ ನೋಡಿದ್ದೇನೆ. ನೀನು ಮರುಭೂಮಿಗೆ ಹೋಗುತ್ತಿಲ್ಲ. ಅದು ಪೂರ್ವ ಘಟ್ಟದ ಎತ್ತರದ ಊರು. ಒಡಿಶಾದ ಅತಿ ಎತ್ತರದ ದೇವ್‌ಮಾಲಿ ಬೆಟ್ಟ, 1,672 ಮೀಟರ್, ಅದೇ ಜಿಲ್ಲೆಯಲ್ಲಿದೆ. ಕೆಂಪು ಮಣ್ಣು, ಒಳ್ಳೆಯ ಮಳೆ, ಕಾಫಿ ತೋಟ ಕೂಡ ಇದೆ. ಡಿಸೆಂಬರಿನಲ್ಲಿ ಚಳಿ ನಮ್ಮಲ್ಲಿಗಿಂತ ಜಾಸ್ತಿ, ಸ್ವೆಟರ್ ಒಂದು ಸಾಲದು. ಊಟಕ್ಕೂ ತೊಂದರೆ ಇಲ್ಲ. ತರಕಾರಿ ಹಾಕಿ ಬೇಳೆ ಬೇಯಿಸಿದ ದಾಲ್ಮಾ ನಿನಗೆ ಹಿಡಿಸುತ್ತದೆ. ಬೇಸಿಗೆಯಲ್ಲಿ ನೀರನ್ನ ಉಣ್ಣುತ್ತಾರೆ, ಪಖಾಳ ಅಂತ. ರಾಗಿ ಅಂಬಲಿ ಅಲ್ಲಿ ಬಡವರ ದಿನದ ಊಟ. ಸಾಸಿವೆ ಎಣ್ಣೆಯ ವಾಸನೆಗೆ ಸ್ವಲ್ಪ ದಿನ ಬೇಕು. ಆದಷ್ಟು ಮೆಸ್ಸಿನಲ್ಲಿ ಮಕ್ಕಳ ಜೊತೆಗೇ ಕೂತು ಉಣ್ಣು. ಅನ್ನ ಬೆಂದಿದೆಯೋ ಇಲ್ಲವೋ ಅಂತ ಆಗ ಮಾತ್ರ ತಿಳಿಯುತ್ತದೆ.

ಸೊಳ್ಳೆ ಪರದೆ ಇಲ್ಲದೆ ಒಂದು ರಾತ್ರಿಯೂ ಮಲಗಬೇಡ. ಅದು ಹಿಂದಿನಿಂದಲೂ ಮಲೇರಿಯಾದ ಪ್ರದೇಶ. ನಿನಗಾಗಲಿ, ನಿನ್ನ ಹೌಸಿನ ಹುಡುಗಿಗಾಗಲಿ ಚಳಿ ಜ್ವರ ಬಂದರೆ ಮಾತ್ರೆ ನುಂಗಿ ಕಾಯುವುದು ಬೇಡ. ಅದೇ ದಿನ ರಕ್ತ ಪರೀಕ್ಷೆ. ಸಿದ್ದಾಪುರ ಕಡೆ ಮಂಗನ ಕಾಯಿಲೆಯಲ್ಲಿ ತಡ ಮಾಡಿದವರ ಗತಿ ಏನಾಯಿತು ಅಂತ ನಮಗೆಲ್ಲ ಗೊತ್ತೇ ಇದೆ. ರಾತ್ರಿ ಆಸ್ಪತ್ರೆಗೆ ಹೋಗಬೇಕಾದರೆ ಯಾರ ಗಾಡಿ, ಯಾರಿಗೆ ಫೋನ್, ಇದನ್ನು ಸೇರಿದ ದಿನವೇ ನರ್ಸಮ್ಮನ ಹತ್ತಿರ ಕೇಳಿಟ್ಟುಕೋ.

ಕಾಗದ ಪತ್ರದ ಕೆಲಸ ನಿನಗೇ ಗೊತ್ತು. ಮೂಲ ಪ್ರತಿಗಳನ್ನು ಸೂಟ್‌ಕೇಸಿನಲ್ಲಿ ಇಡಬೇಡ, ಹೆಗಲ ಚೀಲದಲ್ಲಿ ಇರಲಿ. ಈಗಿನ ಶಾಲೆಯಿಂದ ಬಿಡುಗಡೆ ಪತ್ರ ತಗೊಳ್ಳದೆ ಹೊರಡಬೇಡ. ಮೂಲ ವೇತನ 44,900 ಅಂದರೆ ನಮ್ಮ ಮನೆಯ ಮಟ್ಟಿಗೆ ದೊಡ್ಡ ದುಡ್ಡು. ಮೊದಲ ಸಂಬಳ ಬಂದ ಕೂಡಲೇ ಮನೆಗೆ ಕಳಿಸುವ ಉಮೇದು ಬರುತ್ತದೆ. ಮೊದಲ ಮೂರು ತಿಂಗಳು ಕಳಿಸಬೇಡ. ತುರ್ತಿಗೆ ಊರಿಗೆ ಬಂದು ಹೋಗುವಷ್ಟು ದುಡ್ಡು ನಿನ್ನ ಖಾತೆಯಲ್ಲಿ ಯಾವಾಗಲೂ ಇರಲಿ.

ಇನ್ನು ಮದುವೆ ಮಾತು. ದೂರ ಹೋದರೆ ಗಂಡು ಸಿಗುವುದಿಲ್ಲ ಅಂತ ನೆಂಟರು ಶುರು ಮಾಡಿದ್ದಾರೆ, ನನ್ನ ಕಿವಿಗೂ ಬಿದ್ದಿದೆ. ಅದಕ್ಕೆ ನೀನು ಉತ್ತರ ಕೊಡಬೇಕಾಗಿಲ್ಲ. ನಾನಿದ್ದೇನೆ, ನಿನ್ನ ಅಪ್ಪನ ಹತ್ತಿರ ಕೂತು ಮಾತಾಡುತ್ತೇನೆ. ಕೆಲಸ ಬಿಡು ಅನ್ನುವ ಸಂಬಂಧ ಬಂದರೆ ಅದು ನಮಗೆ ಬೇಡ. ಇಷ್ಟು ವರ್ಷ ಓದಿ, ಸಾವಿರಾರು ಜನರ ಜೊತೆ ಪರೀಕ್ಷೆ ಬರೆದು ಪಡೆದ ಕೆಲಸ ಇದು.

ಅಲ್ಲಿ ಕನ್ನಡದವರು ಸಿಕ್ಕರೆ ಒಳ್ಳೆಯದೇ. ಹಬ್ಬಕ್ಕೆ ಒಟ್ಟಾಗಿ. ಆದರೆ ಅವರ ಜೊತೆಗೇ ಉಳಿದುಬಿಡಬೇಡ. ಜೂನ್ ನಡುವೆ ಅಲ್ಲಿ ರಜೋ ಹಬ್ಬ ಬರುತ್ತದೆ, ಹುಡುಗಿಯರು ಉಯ್ಯಾಲೆ ಕಟ್ಟಿ ಆಡುತ್ತಾರೆ. ಆ ಮೂರು ದಿನ ಭೂಮಿಗೆ ವಿಶ್ರಾಂತಿ, ನೇಗಿಲು ಮುಟ್ಟುವುದಿಲ್ಲ. ನಮ್ಮ ಭೂಮಿ ಹುಣ್ಣಿಮೆಯಲ್ಲಿ ಗದ್ದೆಗೆ ಸೀಮಂತ ಮಾಡುವವರು ನಾವು, ಅದು ನಿನಗೆ ವಿಚಿತ್ರ ಅನಿಸಲಿಕ್ಕಿಲ್ಲ ಅಲ್ವಾ? ಯಾರಾದರೂ ಮನೆಗೆ ಕರೆದರೆ ಹೋಗು.

ರೈಲಿನ ವಿಷಯ ಕೊನೆಗೆ ಉಳಿಯಿತು. ಹುಬ್ಬಳ್ಳಿಯಿಂದ ಅಮರಾವತಿ ಎಕ್ಸ್‌ಪ್ರೆಸ್ ಹಿಡಿ. ಅದು ಗುಂಟೂರು, ವಿಜಯವಾಡ ಮೇಲೆ ವಿಶಾಖಪಟ್ಟಣಕ್ಕೆ ಹೋಗುತ್ತದೆ. ಎಲ್ಲ ದಿನ ಇಲ್ಲ, ದಿನ ನೋಡಿಕೋ. ವಿಶಾಖಪಟ್ಟಣದಲ್ಲಿ ಇಳಿದು ಒಂದು ರಾತ್ರಿ ಉಳಿ, ಬೆಳಿಗ್ಗೆ ಅರಕು ಮೇಲೆ ಹೋಗುವ ಕಿರಂದುಲ್ ರೈಲು ಹತ್ತು. ಘಟ್ಟ ಹತ್ತುವ ದಾರಿ, ಹಗಲಲ್ಲೇ ಹೋಗಬೇಕು. ವಿಶಾಖಪಟ್ಟಣದವರೆಗೆ ನಿನ್ನ ಅಪ್ಪ ಬರುತ್ತಾನೆ ಅಂತ ಒಪ್ಪಿಕೊಂಡಿದ್ದಾನೆ. ಪೂರ್ತಿ ಕೋರಾಪುಟ್‌ವರೆಗೂ ಬರಲಿ, ನೀನು ಇರುವ ಕೋಣೆ ನೋಡಿ ಬಂದರೆ ನಿನ್ನ ಆಯಿಗೆ ನಿದ್ದೆ ಬರುತ್ತದೆ. ದೀಪಾವಳಿ ಸಮಯಕ್ಕೆ ಬರುವುದಾದರೆ 60 ದಿನ ಮೊದಲು ರಿಸರ್ವೇಶನ್ ತೆರೆದ ದಿನವೇ ಟಿಕೆಟ್ ಮಾಡು.

ಅಪ್ಪೆಮಿಡಿ ಉಪ್ಪಿನಕಾಯಿಯನ್ನು ಗಾಜಿನ ಬಾಟಲಿಯಲ್ಲಿ ಒಯ್ಯಬೇಡ, ನಿನ್ನ ದೊಡ್ಡಮ್ಮ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿಟ್ಟಿದ್ದಾಳೆ. ಹಲಸಿನ ಹಪ್ಪಳ ಈಗ ಒಂದು ಕಟ್ಟು ಕೊಡುತ್ತೇವೆ. ಕ್ವಾರ್ಟರ್ಸ್ ಸಿಕ್ಕ ಮೇಲೆ ಪಿನ್‌ಕೋಡ್ ಸಮೇತ ವಿಳಾಸ ಕಳಿಸು, ಉಳಿದದ್ದನ್ನು ಪಾರ್ಸೆಲ್ ಮಾಡುತ್ತೇನೆ.

ಇತಿ ನಿನ್ನ
ದೊಡ್ಡಪ್ಪ